ಬೂದಿದಿಬ್ಬದ ತಗ್ಗು

ಬೂದಿದಿಬ್ಬವನ್ನು ಅಗೆಯಲು ಒಪ್ಪಿಗೆ ಕೊಟ್ಟವಳು ಸಖುಬಾಯಿಯೇ. ಮುಂದೆ ಊರಿನವರು ಅವಳಿಗೆ ಎತ್ತಿ ಆಡಿದ್ದು ಇದೊಂದೇ ಮಾತು. ಅದು ಸುಳ್ಳೇನೂ ಆಗಿರಲಿಲ್ಲ.

ಬಸವಕಲ್ಯಾಣದಿಂದ ನಾರಾಯಣಪುರ ದಾಟಿ ಒಳದಾರಿ ಹಿಡಿದರೆ ಸಿಗುವ ಸಿದ್ದೇವಾಡಿ ಸಣ್ಣ ಊರು. ಮನೆಗಳಿಗಿಂತ ದನದ ಕೊಟ್ಟಿಗೆಗಳೇ ಎದ್ದು ಕಾಣುವ ಊರು. ಬಿಳಿ ಮೈಮೇಲೆ ಕರಿ ಮಚ್ಚೆಯ ದೇವಣಿ ಹಸುಗಳು, ಅದೇ ತಳಿಯ ಎತ್ತುಗಳು, ಬಾಗಿಲಿಗೊಂದೊಂದು ಎಮ್ಮೆ. ಸಖುಬಾಯಿಯ ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಒಬ್ಬಳೇ ಮಗಳು ಸರಿತಾಳನ್ನು ಚಿಟಗುಪ್ಪಕ್ಕೆ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದದ್ದು ಅವಳು ಮತ್ತು ಚಂದರಿ ಎಂಬ ಹಸು. ಒಂದೇ ಗೋಡೆಯ ಆಚೆ ಮೈದುನ ಅಮೃತನ ಸಂಸಾರ, ಅವನ ಒಂದು ಜೋಡಿ ಎತ್ತು. ಇಬ್ಬರ ಹೊಲವನ್ನೂ ಅವನೇ ಉಳುತ್ತಿದ್ದ.

ಆ ಹೊಲದ ಮೂಲೆಯಲ್ಲಿ ದಿಬ್ಬ. ಸುತ್ತ ಕರಿ ಮಣ್ಣಿದ್ದರೆ ಅದೊಂದು ಮಾತ್ರ ಬೂದು ಬಣ್ಣ. ಅದರ ಮೇಲೆ ತೊಗರಿ ಹಾಕಿದರೆ ಮೊಳದುದ್ದ ಬಂದು ಹಳದಿಯಾಗಿ ನಿಂತುಬಿಡುತ್ತಿತ್ತು. ಯಾರ ಬೂದಿ, ಯಾವ ಕಾಲದ ಬೂದಿ ಎಂದು ಯಾರೂ ಕೇಳಿದವರಲ್ಲ. ದನ ಮೇಯಿಸುವವರು ಮಾತ್ರ ಅಲ್ಲಿ ದನ ತರುಬಿ ನಿಲ್ಲಿಸುತ್ತಿರಲಿಲ್ಲ. ಯಾಕೆಂದರೆ ಅವರ ಅಪ್ಪಂದಿರು ತರುಬುತ್ತಿರಲಿಲ್ಲ, ಅಷ್ಟೇ.

ತೊಗರಿ ಹೂವಿಗೆ ಬಂದ ಹೊತ್ತಿನಲ್ಲಿ ಕಲಬುರಗಿಯಿಂದ ದೀಪಾಲಿ ಬಂದಳು. ಹಳೆಯ ಕಾಲದ ಊರುಗಳನ್ನು ಮಣ್ಣಿನೊಳಗಿಂದ ತೆಗೆದು ನೋಡುವುದು ಅವಳ ಕೆಲಸ. ಹರಟೆಯಿಲ್ಲದ, ಬಿಸಿಲಿಗೆ ಮುಖ ಕಪ್ಪಿಟ್ಟ ಹೆಂಗಸು. ದಿಬ್ಬದ ಸುತ್ತ ಓಡಾಡಿ, ಬೂದಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಸಖುಬಾಯಿಯ ಅಂಗಳಕ್ಕೆ ಬಂದು ಕುಳಿತಳು.

"ಇದು ಒಲಿ ಬೂದಿ ಅಲ್ರಿ. ಸಗಣಿ ಸುಟ್ಟ ಬೂದಿ. ನಾಲ್ಕು ಸಾವಿರ ವರ್ಷದ ಹಿಂದ ಇಲ್ಲಿ ದನಗಾರರು ಇದ್ದರು. ಅವರ ಮ್ಯಾಲ ಮತ್ತೊಬ್ಬರು, ಅವರ ಮ್ಯಾಲ ಮತ್ತೊಬ್ಬರು. ಒಂದು ತಗ್ಗು ತೆಗದು ನೋಡಿ, ಹೆಂಗ ಇತ್ತು ಹಂಗ ಮುಚ್ಚಿ ಹೋಗತೀನಿ."

ನಮ್ಮ ಹಾಗೆಯೇ ದನ ಕಟ್ಟಿಕೊಂಡವರು ಎಂಬ ಮಾತು ಸಖುಬಾಯಿಗೆ ಹಿಡಿಸಿತು. ಹೂಂ ಅಂದಳು. ಕೆಲಸಕ್ಕೂ ಅವಳೇ ಸೇರಿಕೊಂಡಳು. ಊರಾಚೆಯ ಬೌದ್ಧರ ಓಣಿಯ ಸಂಘರತ್ನ ಮತ್ತು ಇನ್ನು ನಾಲ್ಕಾರು ಕೂಲಿಯವರು ಗುದ್ದಲಿ ಹಿಡಿದರೆ ಇವಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಜರಡಿಗೆ ಸುರಿಯುವುದು.

ಮೇಲಿನ ಪದರದಲ್ಲಿ ಇಟ್ಟಿಗೆ ಚೂರು, ಬಳೆ ತುಂಡು, ಗುಡಿಯದೋ ಮನೆಯದೋ ಒಂದು ತಳಪಾಯ. ಕಲ್ಯಾಣದ ಚಾಲುಕ್ಯರ ಕಾಲದ್ದು ಅಂದಳು ದೀಪಾಲಿ. ಆ ತಳಪಾಯದ ಪಕ್ಕದಲ್ಲೇ ಆಳೆತ್ತರದ ಒಂದು ಕಲ್ಲು ಬೋರಲು ಬಿದ್ದಿತ್ತು. ಬಿದ್ದದ್ದಲ್ಲ, ಮಲಗಿಸಿದ್ದು. ಅದು ಅಲುಗಬಾರದೆಂದು ಸುತ್ತ ಗುಂಡುಕಲ್ಲು ಬಿಗಿದು ಕೂಡಿಸಿದ್ದರು.

ಸುದ್ದಿ ಕೇಳಿ ಊರಿನ ಹಿರಿಯ ಲಾಲಪ್ಪ ಬಂದ. ಕೋಲೂರಿಕೊಂಡು ಅಂಚಿನಲ್ಲಿ ನಿಂತು ಕಲ್ಲನ್ನು ನೋಡಿದ. ಅವನು ಸುಮ್ಮಸುಮ್ಮನೆ ಹೆದರುವ, ಹೆದರಿಸುವ ಮನುಷ್ಯನಲ್ಲ. ದನದ ವಿಷಯದಲ್ಲಿ ಸುತ್ತಲಿನ ಊರುಗಳೆಲ್ಲ ಅವನನ್ನು ಕೇಳುತ್ತಿದ್ದವು.

"ಬೋರಲ ಹಾಕ್ಯಾರಂದ್ರ ಏನರ ಇರತಾದ, ಮೇಡಂ. ಅದಕ್ಕ ಕೈ ಹಚ್ಚಬ್ಯಾಡ್ರಿ."

"ಬರೇ ನೋಡತೀವ್ರಿ ಕಾಕಾ. ಫೋಟೊ ತಗೊಂಡು ಮತ್ತ ಹಂಗೇ ಮಲಗಸ್ತೀವಿ."

ಲಾಲಪ್ಪ ಕೋಲೂರುತ್ತ ಊರಿನ ಕಡೆ ಹೋದ. ಹಗ್ಗ ಹಾಕಿ ಕಲ್ಲು ಮಗುಚಿದರು. ವೀರಗಲ್ಲು. ಕೆಳಗೆ ಸಾಲಾಗಿ ದನಗಳು, ಅವುಗಳ ಮುಂದೆ ಈಟಿ ಹಿಡಿದ ಒಬ್ಬ ಗಂಡಸು, ಮೇಲೆ ಲಿಂಗ, ಸೂರ್ಯ, ಚಂದ್ರ. ಗಂಡಸಿನ ಮುಖ ನೆಟ್ಟಗಿತ್ತು. ಮೀಸೆ ಕೂಡ ಕಾಣುತ್ತಿತ್ತು. ದನಗಳ ಮುಖವನ್ನು ಮಾತ್ರ ಯಾರೋ ಉಳಿ ಹಿಡಿದು ಒಂದೊಂದಾಗಿ ಕೆತ್ತಿ ತೆಗೆದಿದ್ದರು.

"ಯಾಕ್ರಿ ಹಿಂಗ?" ಅಂದ ಸಂಘರತ್ನ.

ದೀಪಾಲಿ ಬಹಳ ಹೊತ್ತು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. "ಇಂಥದ್ದು ನಾ ಎಲ್ಲೂ ನೋಡಿಲ್ಲ" ಎಂದಷ್ಟೇ ಹೇಳಿದಳು.

ಕಲ್ಲನ್ನು ಬದಿಗೆ ಒರಗಿಸಿಟ್ಟು ಕೆಳಗೆ ಇಳಿದರು. ಅದನ್ನು ಮತ್ತೆ ಮಲಗಿಸುವುದು ಇವತ್ತು ನಾಳೆ ಅನ್ನುತ್ತ ಹಾಗೇ ಉಳಿಯಿತು. ಕೆಳಗಿನ ಪದರದಲ್ಲಿ ಹೊರಗೆ ಕೆಂಪು, ಒಳಗೆ ಕಪ್ಪು ಇರುವ ಗಡಿಗೆಗಳು ಸಿಕ್ಕವು. ಕಬ್ಬಿಣದ ಒಂದು ಕುಡುಗೋಲು ಸಿಕ್ಕಿತು. ಆಮೇಲೆ ಬೂದಿ. ಕಾಲಿಟ್ಟರೆ ಹಿಟ್ಟಿನ ಹಾಗೆ ಮೇಲೇಳುವ ಬೂದಿ. ಮೂಗು, ಬಾಯಿ, ರೆಪ್ಪೆ ಎಲ್ಲ ಬೂದಿಯಾಗಿ ಸಂಜೆ ಮನೆಗೆ ಹೋದರೆ ಚಂದರಿ ಸಖುಬಾಯಿಯ ಕೈ ಮೂಸಿ ಹಿಂದಕ್ಕೆ ಸರಿಯುತ್ತಿತ್ತು.

ಬೂದಿಯ ತಳದಲ್ಲಿ ಎಲುಬು ಕಂಡ ದಿನ ದೀಪಾಲಿ ಗುದ್ದಲಿ ನಿಲ್ಲಿಸಿದಳು. ಸಣ್ಣ ಕರಣೆ, ಬ್ರಷ್ಷು ಹಿಡಿದು ತಾನೇ ಮಣ್ಣು ಬಿಡಿಸುತ್ತ ಹೋದಳು. ಒಂದು ದನ ಪೂರ್ತಿ ಕಂಡಿತು. ಅದಕ್ಕೆ ತಾಗಿ ಇನ್ನೊಂದು. ಅದರಾಚೆ ಮತ್ತೊಂದು, ಅದರ ಹೊಟ್ಟೆಯ ಮಗ್ಗುಲಿಗೆ ಕರು. ಕೊಟ್ಟಿಗೆಯಲ್ಲಿ ಕಟ್ಟಿದ ಹಾಗೆ ಸಾಲಾಗಿ, ತಲೆಗಳೆಲ್ಲ ಒಂದೇ ಕಡೆಗೆ.

"ತಿಂದು ಒಗದಾರೇನ್ರಿ?" ಸಖುಬಾಯಿ ಕೇಳಿದಳು.

"ತಿಂದ್ರ ಎಲುವು ಒಡೀತಾರ, ಕಡೀತಾರ. ಇವು ಇಡಿ ಇಡೀ ಅವ. ಒಮ್ಮೆಗೇ ಸತ್ತಾವ, ಇಲ್ಲಾ ಒಮ್ಮೆಗೇ ಕೊಂದಾರ. ಆಮ್ಯಾಲ ಸಗಣಿ ಹೇರಿ ಬೆಂಕಿ ಹಚ್ಚ್ಯಾರ."

"ಯಾಕ?"

"ಗೊತ್ತಾಗವಲ್ದು." ದೀಪಾಲಿ ಕೈ ಒರೆಸಿಕೊಂಡಳು. "ಇಷ್ಟ್ ದನ ಒಬ್ಬರ ಮನ್ಯಾವಲ್ಲ. ಇಡೀ ಊರಿನ ದನ."

ಅವತ್ತಿನ ಬುತ್ತಿಯ ರೊಟ್ಟಿಯನ್ನು ಸಖುಬಾಯಿ ಸಂಜೆ ಮನೆಗೆ ಒಯ್ದು ಚಂದರಿಯ ಮುಂದೆ ಇಟ್ಟಳು.

ಅದೇ ವಾರ, ಒಂದು ಮುಂಜಾನೆ ಹಾಲು ಕರೆಯಲು ಕುಳಿತಾಗ ಚಂದರಿಯ ಕುತ್ತಿಗೆಯ ಮೇಲೆ ಅವಳ ಅಂಗೈಗೆ ಗಂಟು ಸಿಕ್ಕಿತು. ಕಡಲೆಯಷ್ಟು ದೊಡ್ಡದು. ಕೈಯಾಡಿಸಿದರೆ ಇನ್ನೊಂದು, ತೊಡೆಯ ಮೇಲೆ ಮತ್ತೆರಡು. ಮೈ ಕಾದ ಹೆಂಚು. ಕಣ್ಣಲ್ಲಿ ನೀರು. ಹಾಲು ಚೆಂಬಿನ ತಳ ಮುಚ್ಚುವಷ್ಟೂ ಬರಲಿಲ್ಲ.

ಅವಳು ಕೂತಲ್ಲೇ ಗೋಡೆಯಾಚೆಗೆ ಕೇಳುವಂತೆ ಹೇಳಿದಳು: "ಅಮೃತಾ, ನಿನ್ನ ಎತ್ತು ಹೊಲದಾಗ ಕಟ್ಟು. ಚಂದರಿಗಿ ಏನೋ ಆಗ್ಯಾದ."

ಬಸವಕಲ್ಯಾಣದಿಂದ ಪಶುವೈದ್ಯ ಸಂಜುಕುಮಾರ ಬೈಕಿನ ಮೇಲೆ ಬಂದ. ಮುಟ್ಟಿ ನೋಡಿ ಸೂಜಿ ಹಾಕಿದ. "ಗಂಟುರೋಗ ಅದ. ಸೊಳ್ಳಿ, ನೊಣದಿಂದ ಹರಡತಾದ. ಮಹಾರಾಷ್ಟ್ರದ ಕಡಿ ಭಾಳ ದನ ಹೋಗ್ಯಾವ. ದೂರ ಕಟ್ರಿ, ಸೊಳ್ಳಿಪರದಿ ಹಾಕ್ರಿ. ಹೊರಗಿನ ಊರಿಗಿ ಒಯ್ಯಬ್ಯಾಡ್ರಿ. ಅಕಸ್ಮಾತ್ ಸತ್ರ ಆಳದ ತಗ್ಗು ತೋಡಿ, ಸುಣ್ಣ ಹಾಕಿ ಹುಗೀಬೇಕು. ಹಳ್ಳಕ್ಕ ಒಗದ್ರ ಊರೇ ಹಾಳಾಗತಾದ."

"ದಿಬ್ಬಾ ಅಗದಿದ್ದಕ್ಕ ಬಂತೇನ್ರಿ ಡಾಕ್ಟರ್ ಸಾಬ್?"

ಸಂಜುಕುಮಾರ ನಗಲು ಹೋದವನು ಅವಳ ಮುಖ ನೋಡಿ ನಿಲ್ಲಿಸಿದ. "ನೊಣಕ್ಕ ದಿಬ್ಬ ಯಾವದು ಹೊಲ ಯಾವದು, ಅವ್ವಾ. ನೀವು ಅಗೀಲಿಲ್ಲಂದ್ರೂ ಬರತಿತ್ತು."

ಅವನ ಮಾತನ್ನು ಸಖುಬಾಯಿ ನಂಬಿದಳು. ಆದರೆ ಅದನ್ನು ನಂಬುವವಳು ಊರಿನಲ್ಲಿ ತಾನೊಬ್ಬಳೇ ಎಂಬುದು ಸಂಜೆಯೊಳಗೆ ಅವಳಿಗೆ ತಿಳಿಯಿತು. ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಸರಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಎರಡನೆಯ ಗಂಟು ಲಾಲಪ್ಪನ ಕೊಟ್ಟಿಗೆಯಲ್ಲಿ ಕಂಡಿತು. ಆಮೇಲೆ ಮನೆಯಿಂದ ಮನೆಗೆ. ಊರು ವಾರ ಹಿಡಿಯಿತು: ಮಂಗಳವಾರ ಯಾರೂ ಹೊಲಕ್ಕೆ ಹೋಗುವಂತಿಲ್ಲ, ಒಲೆಗೆ ಹಂಚು ಇಡುವಂತಿಲ್ಲ, ಹೊರಗಿನವರು ಊರೊಳಗೆ ಬರುವಂತಿಲ್ಲ. ತಗ್ಗಿನಲ್ಲಿ ದೀಪಾಲಿ ಕಟ್ಟಿದ ದಾರ ಪ್ರತಿ ಬೆಳಿಗ್ಗೆ ಕಿತ್ತಿರುತ್ತಿತ್ತು. ಒಂದು ದಿನ ಎಲುಬಿನ ಸಾಲಿನ ಮೇಲೆ ಕುಂಕುಮ ಚೆಲ್ಲಿ ಲಿಂಬೆಹಣ್ಣು ಇಟ್ಟಿದ್ದರು. ಕೂಲಿಯವರು ಒಬ್ಬೊಬ್ಬರಾಗಿ ಬರುವುದು ಬಿಟ್ಟು ಸಂಘರತ್ನ ಒಬ್ಬ ಉಳಿದ.

ಹನುಮಪ್ಪನ ಕಟ್ಟೆಯ ಮೇಲೆ ಜನ ಸೇರಿದ ದಿನ ಸಖುಬಾಯಿಯನ್ನೂ ಕರೆದರು. ಅವಳು ಸೆರಗು ಹೊದ್ದು ಕೆಳಗೆ ನಿಂತಳು. ಅಮೃತ ತಲೆ ಬಗ್ಗಿಸಿ ಒಂದು ಬದಿಗೆ ಕುಳಿತಿದ್ದ. ಮಾತಾಡಿದವನು ಲಾಲಪ್ಪ. ಅವನ ದನಿ ಮೆತ್ತಗಿತ್ತು.

"ಸಖುಬಾಯಿ, ನಾ ನಿನಗ ದೋಷ ಇಡಾಕ ಬಂದಿಲ್ಲ. ನನ್ನ ಕೊಟಗಿನೂ ಖಾಲಿ ಆಗಾಕತ್ತದ. ನಮ್ಮವ್ವನ ಅವ್ವ ಹೇಳತಿದ್ಳು, ಅವಳ ಕಾಲಕ್ಕ ಒಮ್ಮೆ ಹಿಂಗೇ ದನಕ್ಕ ಜಡ್ಡ ಬಂದಿತ್ತಂತ. ಮೊದಲ ಯಾವ ದನಕ್ಕ ಬಂತೋ ಅದನ್ನ ಮಣ್ಣಿಗಿ ಕೊಟ್ರಂತ. ಅಲ್ಲಿಗಿ ನಿಂತಿತಂತ."

"ಕೊಡೋದಂದ್ರ ಹ್ಯಾಂಗ?"

"ತಗ್ಗಿನ್ಯಾಗ ಇಳಿಸಿ ಮುಚ್ಚೋದು. ಮ್ಯಾಲ ಕಲ್ಲು ಬೋರಲ ಹಾಕೋದು."

"ಅದು ಇನ್ನಾ ಬದುಕ್ಯಾದ, ಕಾಕಾ."

ಲಾಲಪ್ಪ ಅವಳ ಕಡೆ ನೋಡದೆ ಹೇಳಿದ. "ಸತ್ತಿದ್ದು ಕೊಟ್ರ ಅದು ಕೊಟ್ಟಾಂಗ ಅಲ್ಲ."

ಕಟ್ಟೆಯ ಮೇಲಿನವರು ಬರುವ ಮಂಗಳವಾರ ಎಂದು ಗೊತ್ತು ಮಾಡಿದರು. ಸಖುಬಾಯಿ ಅಮೃತನ ಮುಖ ನೋಡಿದಳು. ಅವನು ಕಾಲಬೆರಳಿನಿಂದ ಮಣ್ಣು ಕೆರೆಯುತ್ತಿದ್ದ. ಚಂದರಿ ಹುಟ್ಟಿದಾಗ ಒಳಗೆ ಕೈ ಹಾಕಿ ಎಳೆದು ತೆಗೆದವನು ಅವನೇ.

ಮರುದಿನ ದೀಪಾಲಿ ಸಾಮಾನು ಕಟ್ಟಿದಳು. ಅವಳ ಮೇಲಿನವರು ಫೋನಿನಲ್ಲಿ ಸದ್ಯಕ್ಕೆ ಬಂದುಬಿಡಿ ಎಂದಿದ್ದರು. ಎಲುಬಿನ ಮೇಲೆ ದಪ್ಪ ತಾಡಪತ್ರಿ ಹೊದಿಸಿ, ಅದರ ಮೇಲೆ ಮೊಳದಷ್ಟು ಮಣ್ಣು ಎಳೆದು, ಸಖುಬಾಯಿಯ ಎದುರು ಬಂದು ನಿಂತಳು.

"ನನ್ನ ಜೊತಿ ಜೀಪಿನ್ಯಾಗ ಬರ್ರಿ. ಪೊಲೀಸರಿಗಿ ಹೇಳೋಣ."

"ಪೊಲೀಸರು ಒಂದಿನ ಬಂದು ಹೋಗತಾರ್ರಿ. ನಾ ಇಲ್ಲೇ ಇರಬೇಕಲ್ಲ."

ದೀಪಾಲಿ ಸಾಮಾನಿಡಲು ದಿಬ್ಬದ ಮೇಲೆ ತಾನೇ ಹಾಕಿಸಿದ್ದ ತಗಡಿನ ಶೆಡ್ಡಿನ ಕೀಲಿಯನ್ನೂ ತನ್ನವರ ಸೊಳ್ಳೆಪರದೆಗಳನ್ನೂ ಅವಳ ಕೈಗೆ ಕೊಟ್ಟು ಹೋದಳು.

ಸರಿತಾ ಚಿಟಗುಪ್ಪದಿಂದ ಫೋನು ಮಾಡಿ ಅಳುತ್ತಿದ್ದಳು. "ಯವ್ವಾ, ಟೆಂಪೊ ಕಳಸ್ತೀನಿ. ಚಂದರಿನ್ನ ಹಾಕ್ಕೊಂಡು ಬಂದುಬಿಡು."

"ನಿಮ್ಮ ಓಣಿದಾಗ ದನ ಇಲ್ಲೇನು?" ಸಖುಬಾಯಿ ಕೇಳಿದಳು. "ಇಲ್ಲಿಂದ ಒಯ್ದು ಅಲ್ಲಿ ಹಚ್ಚೋದು ಬ್ಯಾಡ, ತಂಗೀ" ಎಂದು ಫೋನು ಇಟ್ಟಳು.

ಹೊರಗೆ ಒಯ್ಯುವಂತಿಲ್ಲ, ಊರೊಳಗೆ ಇಡುವಂತಿಲ್ಲ. ಅವಳು ಗೂಟದ ಪಕ್ಕ ಕುಳಿತು ಯೋಚಿಸಿದಳು. ಆಮೇಲೆ ಎದ್ದು ಹಗ್ಗ ಬಿಚ್ಚಿದಳು. ಹಗಲು ನೆತ್ತಿಗೇರಿದ ಹೊತ್ತು, ಎಲ್ಲರೂ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ಕಾಲೆಳೆಯುವ ಹಸುವನ್ನು ನಡೆಸಿಕೊಂಡು ಊರ ನಡುವಿನಿಂದಲೇ ಬೂದಿದಿಬ್ಬಕ್ಕೆ ಹೋದಳು. ಯಾರೂ ತಡೆಯಲಿಲ್ಲ. ಎಲ್ಲಿಗೆ ಒಯ್ಯಬೇಕೆಂದು ಅವರು ಗೊತ್ತು ಮಾಡಿದ್ದರೋ ಅಲ್ಲಿಗೇ ಅವಳು ಒಯ್ಯುತ್ತಿದ್ದಳು.

ಶೆಡ್ಡಿನಲ್ಲಿ ಚಂದರಿಯನ್ನು ಕಟ್ಟಿ ಸುತ್ತ ಪರದೆ ಇಳಿಬಿಟ್ಟಳು. ಬೇವಿನ ಸೊಪ್ಪಿನ ಹೊಗೆ ಹಾಕಿದಳು. ವೀಳ್ಯದೆಲೆ, ಮೆಣಸು, ಉಪ್ಪು ಅರೆದು ಬೆಲ್ಲದಲ್ಲಿ ಉಂಡೆ ಮಾಡಿ ತಿನ್ನಿಸಿದಳು. ಒಡೆದ ಗಂಟುಗಳಿಗೆ ಬೇವು, ಅರಿಷಿಣ ಹಚ್ಚಿದಳು. ಊರು ದಿಬ್ಬಕ್ಕೆ ಹೆದರುತ್ತಿತ್ತು; ಆ ಹೆದರಿಕೆಯೇ ಅವಳಿಗೆ ಬೇಲಿಯಾಯಿತು. ಹೊಲದ ಬದುವಿನವರೆಗೆ ಬಂದು ನಿಲ್ಲುತ್ತಿದ್ದರು. ಮೊದಲು ಇಬ್ಬರು ಮೂವರು, ಆಮೇಲೆ ಗುಂಪು. ಅಲ್ಲೇ ನಿಂತು ನೋಡುವುದು, ಹೊತ್ತು ಇಳಿದಾಗ ಹೋಗುವುದು. ಅವರ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ. ಮಾತಾಡುತ್ತಿದ್ದರೋ ಇಲ್ಲವೋ ತಿಳಿಯುತ್ತಿರಲಿಲ್ಲ.

ಸಂಘರತ್ನ ಮಾತ್ರ ದಿನಾ ಬಂದು ಬದುವಿನ ಈಚೆ ಮೇವಿಗೆ ಜೋಳದ ಕಣಿಕೆ, ನೀರು ಇಡುತ್ತಿದ್ದ. ಊರಿನ ಸುದ್ದಿ ಅವನಿಂದಲೇ.

"ದಿನಾ ಸಾಯಾಕತ್ತಾವ ಮಾವಶಿ. ಹಳ್ಳದಾಗ ಒಗ್ಯಾಕತ್ತಾರ."

"ಡಾಕ್ಟರ್ ಬ್ಯಾಡಂದಿದ್ರಲ್ಲ."

"ಯಾರೂ ತಮ್ಮ ಹೊಲದಾಗ ತಗ್ಗು ತೋಡಾಕ ಬಿಡವಲ್ರು. ಸತ್ತಿದ್ದು ಹುಗದ್ರ ಹೊಲ ಕೆಡತಾದಂತ. ನಿನ್ನಿ ನಮ್ಮ ಓಣಿಗಿ ಬಂದು ನೀವು ಎಳೀರಿ ಅಂದ್ರು." ಅವನು ಕಣಿಕೆಯ ಹೊರೆ ಕೆಳಗೆ ಹಾಕಿದ. "ನಮ್ಮಜ್ಜ ಆ ಕೆಲಸ ಬಿಟ್ಟು ಬುದ್ಧನ ಕಡಿ ಹೋದವರು. ಮಾಡಾಂಗಿಲ್ಲ ಅಂದ್ವಿ. ಅದಕ್ಕ ಈಗ ನಮ್ಮ ಓಣಿಯವರಿಗಿ ಯಾರೂ ಕೂಲಿಗಿ ಕರಿಯವಲ್ರು."

"ನೀ ಇಲ್ಲಿಗಿ ಬರಬ್ಯಾಡಪ್ಪಾ ಮತ್ತ."

"ಕೂಲಿ ಹೋಯ್ತು, ಇನ್ನೇನು ಕಡಮಿ ಮಾಡತಾರ" ಎಂದು ಸಂಘರತ್ನ ಕೊಡ ಇಳಿಸಿದ.

ಗಾಳಿ ಹಳ್ಳದ ಕಡೆಯಿಂದ ಬೀಸಿದಾಗ ನಾತ ಬರುತ್ತಿತ್ತು. ಹದ್ದುಗಳು ಎಲ್ಲಿಂದಲೋ ಬಂದು ಹಳ್ಳದ ಮೇಲೆ ಸುತ್ತತೊಡಗಿದವು. ಊರಿನ ನಾಯಿಗಳು ಮನೆಬಾಗಿಲು ಬಿಟ್ಟು ಅಲ್ಲೇ ಇರತೊಡಗಿದವು, ಹೊಟ್ಟೆ ದುಂಡಗೆ ಮಾಡಿಕೊಂಡು, ಕರೆದರೂ ಬಾರದೆ. ಉಳಿದ ದನಗಳು ಅದೇ ನೀರು ಕುಡಿಯುತ್ತಿದ್ದವು. ಚಂದರಿ ಎರಡು ದಿನದಿಂದ ಎದ್ದಿರಲಿಲ್ಲ. ಕಾಲುಗಳು ಬಾತುಕೊಂಡಿದ್ದವು. ಉಸಿರು ಬಿಟ್ಟಾಗ ಗೊರಗೊರ ಸದ್ದು. ಸಖುಬಾಯಿ ಅದರ ಗದ್ದವನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಜಿ ಕುಡಿಸುತ್ತಿದ್ದಳು. ಮಂಗಳವಾರದ ಮೊದಲೇ ಇದು ತಾನಾಗಿ ಹೋಗಿಬಿಡಲಿ ಎಂದು ಒಮ್ಮೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅದರ ಕಿವಿ ಸವರಿದಳು.

ಮಂಗಳವಾರ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಅವರು ಬಂದರು. ಮುಂದೆ ಲಾಲಪ್ಪ, ಹಿಂದೆ ಸಲಿಕೆ, ಹಗ್ಗ ಹಿಡಿದ ಗಂಡಸರು, ಅವರ ಹಿಂದೆ ಟ್ರ್ಯಾಕ್ಟರು. ಬದುವಿನ ಹತ್ತಿರ ಒಂದು ಗಳಿಗೆ ನಿಂತರು. ನಂತರ ದಾಟಿದರು. ಬೂದಿ ಅವರ ಕಾಲಡಿ ಎದ್ದು ಮೊಣಕಾಲಿನವರೆಗೆ ಬಂತು. ಸಖುಬಾಯಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಏನೂ ಇರಲಿಲ್ಲ.

ಅವರಲ್ಲಿ ಅಮೃತನಿರಲಿಲ್ಲ. ಅದನ್ನು ನೋಡಿ ಅವಳಿಗೆ ಒಂದಿಷ್ಟು ಸಮಾಧಾನವಾಗುವಷ್ಟರಲ್ಲಿ ಅವನು ಟ್ರ್ಯಾಕ್ಟರಿನ ಹಿಂದಿನಿಂದ ಬಂದ. ಕಣ್ಣು ಕೆಂಪಾಗಿದ್ದವು.

"ವೈನಿ," ಅಂದ. "ನಸಿಕಿನ್ಯಾಗ ಬಲಗಡಿ ಎತ್ತು ಹೋಯ್ತು."

"ಎಲ್ಲಿ ಒಗದಿ?"

ಅವನಿಗೆ ಆ ಪ್ರಶ್ನೆಯ ನಿರೀಕ್ಷೆಯಿರಲಿಲ್ಲ. "ಅಲ್ಲೇ ಕೊಟಗಿದಾಗ ಅದ. ಎಳಿಯವರು ಯಾರೂ ಇಲ್ಲ."

ಲಾಲಪ್ಪ ಮುಂದೆ ಬಂದ. "ಬಾಗಿಲ ಬಿಡು, ಸಖುಬಾಯಿ. ನೋಡಬ್ಯಾಡ, ಮನಿಗಿ ಹೋಗು."

"ಕಾಕಾ, ನೀವು ದನಕ್ಕ ಹೆಸರಾದವರು. ಒಂದು ಮಾತು ಹೇಳ್ರಿ." ಅವಳು ಹಳ್ಳದ ಕಡೆ ಕೈ ತೋರಿಸಿದಳು. "ಹಳ್ಳದಾಗ ಸತ್ತಾವ ಬಿದ್ದಾವ. ಅದೇ ನೀರು ಉಳಿದಾವಕ್ಕ ಕುಡಸ್ತೀರಿ. ನಿಮ್ಮ ಕೊಟಗಿದಾಗ ಇಂಥದ್ದು ಎಂದಾದ್ರೂ ಮಾಡೀರೇನು?"

ಲಾಲಪ್ಪ ಹಳ್ಳದ ಕಡೆ ತಿರುಗಿ ನೋಡಿದ.

"ನಿಮಗ ತಗ್ಗು ಬೇಕು. ಇಲ್ಲೇ ಅದ, ಆಳ ಅದ, ತಯಾರ ಅದ. ಹೊಲ ನಂದು, ಕೆಟ್ರ ನಂದು ಕೆಡತಾದ. ಸತ್ತಾವನ್ನ ತರ್ರಿ, ಎಲ್ಲಾವನ್ನೂ. ಸುಣ್ಣ ಹಾಕಿ ಮುಚ್ಚೋಣ. ಕಲ್ಲೂ ಬೋರಲ ಹಾಕ್ರಿ, ನಾ ಬ್ಯಾಡನ್ನಾಂಗಿಲ್ಲ. ಉಸರಾಡೋದನ್ನ ಮಾತ್ರ ನಾ ಕೊಡಾಂಗಿಲ್ಲ."

ಹಿಂದಿನಿಂದ ಯಾರೋ, "ಮೊದಲನೇದು ಅದೇ ಅಲ್ಲೇನು, ಅದನ್ನ ಬಿಟ್ಟು ಉಳಿದಾವನ್ನ ಕೊಟ್ರ ಏನಾಗತಾದ" ಅಂದರು. ಇಬ್ಬರು ಹಗ್ಗ ಹಿಡಿದು ಶೆಡ್ಡಿನ ಕಡೆ ಹೆಜ್ಜೆ ಹಾಕಿದರು. ಒಬ್ಬ ಅವಳ ಭುಜ ಹಿಡಿದು ಬದಿಗೆ ಸರಿಸಿದ, ಜೋರಾಗಿಯೂ ಅಲ್ಲ, ಬಾಗಿಲ ಪಕ್ಕದ ಸಾಮಾನನ್ನು ಸರಿಸಿದ ಹಾಗೆ. ಅವಳು ತಗಡಿಗೆ ತಾಗಿ ಬಿದ್ದಳು. ಮೊಣಕೈ ಹರಿದು ರಕ್ತ ಬಂತು. ಒಳಗೆ ಪರದೆ ಎತ್ತುವ ಸದ್ದು ಕೇಳಿತು.

"ಬಿಡ್ರಿ ಅದನ್ನ" ಅಂದದ್ದು ಅಮೃತ.

ಅವನ ದನಿ ಏರಿರಲಿಲ್ಲ. ಆದರೆ ಅಂದು ಬೆಳಿಗ್ಗೆ ಎತ್ತು ಕಳೆದುಕೊಂಡವನ ಮಾತಾದ್ದರಿಂದ ಒಳಗಿನ ಕೈಗಳು ನಿಂತವು. ಅವನು ಲಾಲಪ್ಪನ ಕಡೆ ತಿರುಗಿದ.

"ಕಾಕಾ, ನನ್ನ ಎತ್ತು ಹಳ್ಳಕ್ಕ ಒಗಿಯಾಕ ನನಗ ಮನಸಿಲ್ಲ. ನಾಯಿ ತಿಂತಾವ. ನಾ ಇಲ್ಲಿಗಿ ತರತೇನಿ." ಸಖುಬಾಯಿಯನ್ನು ಎಬ್ಬಿಸಿ ಕೂರಿಸಿ, ಟ್ರ್ಯಾಕ್ಟರಿನವನಿಗೆ ನಡಿ ಎಂದು ಕೈ ಮಾಡಿದ.

ಲಾಲಪ್ಪ ಬಹಳ ಹೊತ್ತು ತಗ್ಗಿನ ಅಂಚಿನಲ್ಲಿ ನಿಂತಿದ್ದ. ಕೊನೆಗೆ ಕೋಲನ್ನು ನೆಲಕ್ಕೆ ಇಟ್ಟು ಅದರ ಪಕ್ಕ ಕುಳಿತುಬಿಟ್ಟ. "ನನ್ನವೂ ಎರಡು ಹಳ್ಳದಾಗ ಅವ" ಎಂದ. ಶೆಡ್ಡಿನ ಒಳಗಿದ್ದವರು ಹೊರಗೆ ಬಂದರು.

ಅಂದು ಹೊತ್ತು ಮುಳುಗುವವರೆಗೂ ಟ್ರ್ಯಾಕ್ಟರು ಹೋಗಿ ಬಂದಿತು. ಎಳೆಯಲು ಯಾರನ್ನೂ ಕರೆಯಲಿಲ್ಲ. ಅವರವರ ದನವನ್ನು ಅವರವರೇ ಎಳೆದರು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ವಾಂತಿ ಮಾಡಿಕೊಳ್ಳುತ್ತ. ಅಮೃತನ ಎತ್ತನ್ನು ಇಳಿಸುವಾಗ ಹಗ್ಗದ ಇನ್ನೊಂದು ತುದಿಗೆ ಸಂಘರತ್ನ ಬಂದು ಕೈ ಹಚ್ಚಿದ. "ಕೆಲಸ ಅಂತ ಅಲ್ಲ, ಜೊತಿಗಿ ಅಂತ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಸಂಜುಕುಮಾರ ಸುಣ್ಣದ ಚೀಲ ತಂದು ಹಾಕಿಸಿದ. ದೀಪಾಲಿ ಹೊದಿಸಿ ಹೋಗಿದ್ದ ಮಣ್ಣಿನ ಮೇಲೆಯೇ ದನಗಳನ್ನು ಮಲಗಿಸಿದರು. ಜಾಗ ಕಡಿಮೆ ಬೀಳುತ್ತದೆಂದು ಸಾಲಾಗಿ, ತಲೆಗಳನ್ನು ಒಂದೇ ಕಡೆಗೆ ಮಾಡಿ. ಹಾಗೆ ಮಾಡಿರೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸಖುಬಾಯಿ ಅದನ್ನು ನೋಡಿ ಶೆಡ್ಡಿನೊಳಗೆ ಹೋಗಿ ಕುಳಿತಳು. ಮಣ್ಣು ಮುಚ್ಚಿದ ಮೇಲೆ ವೀರಗಲ್ಲನ್ನು ಹೊತ್ತು ತಂದು ಬೋರಲು ಹಾಕಿದ ಸದ್ದು ಅವಳಿಗೆ ನೆಲದಿಂದ ಬಂದಂತೆ ಕೇಳಿಸಿತು.

ಚಂದರಿ ಬದುಕಿತು. ಎಂಟು ಹತ್ತು ದಿನಕ್ಕೆ ತಾನಾಗಿ ಎದ್ದು ನಿಂತಿತು. ಮೈಯೆಲ್ಲ ಕಲೆ, ಒಂದು ಕಣ್ಣು ಹೋಗಿತ್ತು. ಊರಿನಲ್ಲಿ ಜಡ್ಡು ಇಳಿಯುತ್ತ ಬಂತು, ಸಾಯುವುದಕ್ಕೆ ಹೆಚ್ಚು ಉಳಿದಿರಲಿಲ್ಲ ಎಂಬುದೂ ನಿಜ. ಆ ವರ್ಷ ಎಳ್ಳಮಾವಾಸ್ಯೆಗೆ ಬಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೋದವರಿಲ್ಲ. ಅವಳು ಚಂದರಿಯನ್ನು ಮನೆಗೆ ಹೊಡೆದುಕೊಂಡು ಬಂದಾಗ ಬಾಗಿಲುಗಳಲ್ಲಿ ಮತ್ತೆ ಜನ ನಿಂತರು. ಮೊದಲು ಬಂದದ್ದು ಅದಕ್ಕೆ, ಉಳಿದದ್ದೂ ಅದೇ ಎಂದು ಅವರ ಕಣ್ಣು ಲೆಕ್ಕ ಹಾಕುತ್ತಿದ್ದವು. ಲಾಲಪ್ಪ ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಅದು ಸಿಟ್ಟೋ, ನಾಚಿಕೆಯೋ, ಅವಳಿಗೆ ತಿಳಿಯಲಿಲ್ಲ.

ಹೋಳಿಯ ಮುಂಚೆ ದೀಪಾಲಿ ಒಮ್ಮೆ ಬಂದಳು. ಸಖುಬಾಯಿ ಅವಳೊಡನೆ ದಿಬ್ಬದವರೆಗೆ ನಡೆದಳು. ತಗ್ಗಿದ್ದ ಜಾಗ ಸ್ವಲ್ಪ ಕುಸಿದು ನಿಂತಿತ್ತು. ದೀಪಾಲಿ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದಳು. ಅವಳು ಸಿಟ್ಟಾಗಲಿಲ್ಲ.

"ಹತ್ತಿಪ್ಪತ್ತು ವರ್ಷ ಇದನ್ನ ಯಾರೂ ಮುಟ್ಟಾಂಗಿಲ್ಲ" ಎಂದಳು. "ನೀವು ಮಾಡಿದ್ದೇ ಸರಿ."

"ಒಂದು ಕೇಳತೀನ್ರಿ, ಮೇಡಂ. ಆ ಹಿಂದಿನವರು, ದನ ಹುಗದ ಮ್ಯಾಲ ಏನ್ ಮಾಡಿದ್ರು?"

ದೀಪಾಲಿ ಬಗ್ಗಿ ಒಂದು ಹಿಡಿ ಬೂದಿ ತೆಗೆದುಕೊಂಡಳು. "ಬೂದಿ ಮ್ಯಾಲ ಬರೇ ಗಾಳಿ ತಂದ ಮಣ್ಣು ಅದ. ಗಡಗಿ ಚೂರಿಲ್ಲ, ಒಲಿ ಇಲ್ಲ. ನೂರಾರು ವರ್ಷ ಇಲ್ಲಿ ಯಾರೂ ಇರಲಿಲ್ಲ."

"ಮತ್ತ ಆ ವೀರಗಲ್ಲು ಮಲಗಿಸಿದವರು?"

"ಆ ಕಲ್ಲಿನ ಮ್ಯಾಲೂ ಹಂಗೇ, ಬರೇ ಮಣ್ಣು."

ಜೀಪು ಹೋದ ಮೇಲೆ ಸಖುಬಾಯಿ ಊರಿನ ಕಡೆ ನಡೆದಳು. ಅಮೃತನ ಬಾಗಿಲ ಮುಂದೆ ಟೆಂಪೊ ನಿಂತಿತ್ತು. ಉಳಿದ ಒಂಟಿ ಎತ್ತನ್ನು ಅವನು ಹಿಂದಿನ ವಾರ ಮಾರಿದ್ದ. ಹುಮನಾಬಾದಿನಲ್ಲಿ ಇಟ್ಟಿಗೆ ಭಟ್ಟಿಯ ಕೆಲಸ ಸಿಕ್ಕಿದೆ ಎಂದು ಹೇಳಿದ್ದ. ಹೊರಟಿದ್ದು ಇವತ್ತೇ ಎಂದು ಹೇಳಿರಲಿಲ್ಲ. ಅವನ ಹೆಂಡತಿ ಹಾಸಿಗೆ ಸುರುಳಿ ಎತ್ತಿ ಕೊಡುತ್ತಿದ್ದಳು. ಅಂಥದ್ದೇ ಇನ್ನೆರಡು ಮನೆಗಳಿಗೆ ಆಗಲೇ ಬೀಗ ಬಿದ್ದಿತ್ತು.

"ನೀವೂ ಬರ್ರಿ ವೈನಿ" ಅಂದ ಅಮೃತ. "ಅದನ್ನ ಯಾರಿಗರ ಕೊಟ್ಟು ಬರ್ರಿ."

"ಯಾರು ತಗೋತಾರಪ್ಪಾ ಇದನ್ನ."

ಅವನು ಅವಳ ಕಾಲು ಮುಟ್ಟಿ ನಮಸ್ಕರಿಸಿ ಟೆಂಪೊ ಹತ್ತಿದ. ಧೂಳು ಇಳಿಯುವವರೆಗೆ ಅವಳು ನಿಂತಿದ್ದು, ಕೊಟ್ಟಿಗೆಗೆ ಹೋಗಿ ಚಂದರಿಗೆ ಕಣಿಕೆ ಹಾಕಿದಳು. ಅದು ಮೂಸಿ ನೋಡಿ ಬಿಟ್ಟಿತು. ಕುತ್ತಿಗೆ ಎತ್ತಿ ಗೋಡೆಯಾಚೆಗೆ ಮುಖ ಮಾಡಿ ಒಮ್ಮೆ ಅಂಬಾ ಎಂದು ಕೂಗಿತು. ಸ್ವಲ್ಪ ಹೊತ್ತು ಕಿವಿ ನಿಮಿರಿಸಿ ನಿಂತು, ಮತ್ತೊಮ್ಮೆ ಕೂಗಿತು. ಊರಿನ ಯಾವ ಕೊಟ್ಟಿಗೆಯಿಂದಲೂ ಮಾರುತ್ತರ ಬರಲಿಲ್ಲ. ಸಖುಬಾಯಿ ಅದರ ಕುರುಡು ಕಣ್ಣಿನ ಬದಿಗೆ ಹೋಗಿ ಕುಳಿತಳು. ಅದು ಕೂಗುತ್ತಲೇ ಇತ್ತು.